ರಾಜೀನಾಮೆ: ಒಂದು ಮಾತಿನ ಎರಡು ಮುಖ

ಹುಮನಾಬಾದ್ ಸೀಮೆಯ ಬೇಮಳಖೇಡದಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ವೃದ್ಧರೊಬ್ಬರು ಪೆಟ್ಟಿಗೆಯ ತಳದಿಂದ ತೆಗೆದ ಹಳೆಯ ಕಾಗದವೊಂದನ್ನು ಹಿಡಿದು ಶಾಲೆಗೆ ಬಂದರು. ಉರ್ದು ಬರಹ; ಫಸಲಿ 1342ರದು, ಎಂದರೆ 1932–33. ತಲೆಬರಹವನ್ನು ಯಾರೋ ಓದಿ ‘ರಾಜೀನಾಮಾ’ ಎಂದಿದ್ದರಂತೆ. ಅಂದಿನಿಂದ ದಾಯಾದಿಗಳು, “ನಿಮ್ಮ ಅಪ್ಪ ಹೊಲಕ್ಕೆ ರಾಜೀನಾಮೆ ಕೊಟ್ಟುಬಿಟ್ಟಾನ, ಇನ್ನೇನದ ನಿಮ್ಮದು?” ಎನ್ನತೊಡಗಿದ್ದರು. ಕನ್ನಡ ಪಂಡಿತನೆನಿಸಿಕೊಂಡ ನನಗೂ ಆ ಮಾತಿಗೆ ಬೇರೆ ಅರ್ಥವುಂಟೆಂದು ಆಗ ಹೊಳೆಯಲಿಲ್ಲ.

ನಮ್ಮ ಉರ್ದು ಶಿಕ್ಷಕರು ಕನ್ನಡಕವೇರಿಸಿ ಓದಿ ನಕ್ಕರು. ಅದು ಬದುವಿನ ತಂಟೆ ತೀರಿದ ಮೇಲೆ ಉಭಯರೂ ಒಪ್ಪಿ ಬರೆದುಕೊಂಡ ಪತ್ರ. ಹೊಲ ಎಲ್ಲಿಯೂ ಹೋಗಿರಲಿಲ್ಲ.

‘ರಾಜಿ’ ಅರಬ್ಬಿಯ ಮಾತು. ತೃಪ್ತನಾದವನು, ಒಪ್ಪಿದವನು ಎಂದರ್ಥ. ‘ನಾಮಾ’ ಪಾರಸಿಯದು, ಪತ್ರ. ಪಂಚನಾಮೆ, ಕರಾರುನಾಮೆಗಳಲ್ಲಿ ಇರುವುದೂ ಇದೇ. ಇದನ್ನು ಸಂಸ್ಕೃತದ ‘ನಾಮ’ವೆಂದು ಬಿಡಿಸುವ ವಿದ್ಯಾರ್ಥಿಗಳು ವರ್ಷಕ್ಕೊಬ್ಬರಾದರೂ ಸಿಕ್ಕುತ್ತಾರೆ! ಆದುದರಿಂದ ಉರ್ದುವಿನಲ್ಲಿ ರಾಜೀನಾಮೆಯೆಂದರೆ ಒಪ್ಪಂದದ ಪತ್ರ. ಕೆಲಸ ಬಿಡುವುದಕ್ಕೆ ಅಲ್ಲಿ ‘ಇಸ್ತೀಫಾ’ ಎಂಬ ಬೇರೆ ಮಾತಿದೆ; ಬಿಡುಗಡೆಯನ್ನು ಬೇಡಿಕೊಳ್ಳುವುದೆಂಬುದು ಅದರ ಮೂಲಾರ್ಥ.

ಹಾಗಾದರೆ ಒಪ್ಪಿಗೆ ನಮ್ಮಲ್ಲಿ ತ್ಯಾಗವಾದುದು ಹೇಗೆ? ಮುಂಬಯಿ ಪ್ರಾಂತದ ಕಂದಾಯ ಪದ್ಧತಿಯನ್ನು ನೋಡಬೇಕು. ಧಾರವಾಡ, ಬೆಳಗಾವಿ, ವಿಜಾಪುರಗಳ ರೈತನು ಸರಕಾರಿ ಭೂಮಿಯ ಹಿಡುವಳಿಯನ್ನು ಬಿಡುವಾಗ, ತಾನು ಸ್ವಸಂತೋಷದಿಂದ ಬಿಡುತ್ತೇನೆಂದು ರಾಜೀನಾಮೆ ಬರೆದುಕೊಡುತ್ತಿದ್ದನು. ಅದನ್ನು ಹಿಡಿಯುವವನು ಕಬೂಲಾಯತು ಬರೆಯುತ್ತಿದ್ದನು. ಒಪ್ಪಿದ ಕಾಗದವೇ ಬಿಟ್ಟ ಕಾಗದವಾಯಿತು. ಹೊಲ ಬಿಡುವ ಮಾತು ಹುದ್ದೆ ಬಿಡುವುದಕ್ಕೂ ಹತ್ತಿದ್ದು ಹೀಗೆಯೇ ಇರಬೇಕೆಂದು ನನ್ನೆಣಿಕೆ. ಮರಾಠಿ, ತೆಲುಗುಗಳಲ್ಲಿಯೂ ಇದೇ ಅರ್ಥ. ಕಾಸರಗೋಡಿನಲ್ಲಂತೂ ತಮಾಷೆ: ಕನ್ನಡಿಗನ ‘ರಾಜಿ’ ಸಂಧಾನ, ನೆರೆಯ ಮಲಯಾಳಿಯ ‘ರಾಜಿ’ ಹುದ್ದೆ ಬಿಡುವುದು.

ಬೀದರ ಸೀಮೆಯ ದಾರಿ ಬೇರೆ. 1948ರ ಸಪ್ಟೆಂಬರಿನವರೆಗೆ ಅದು ನಿಜಾಮರ ಆಳ್ವಿಕೆಯಲ್ಲಿತ್ತು. 19ನೆಯ ಶತಮಾನದ ಕೊನೆಯ ಭಾಗದಿಂದ ಅಲ್ಲಿನ ಕಚೇರಿ, ನ್ಯಾಯಾಲಯಗಳಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತ್ತು. ಮನೆಯಲ್ಲಿ ಕನ್ನಡವಾಡಿದ ರೈತನ ಜಮೀನಿನ ಕಾಗದವೆಲ್ಲ ಉರ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಪೆಟ್ಟಿಗೆಯೊಳಗಿನ ಕಾಗದ ಬದಲಾಗಲಿಲ್ಲ. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾದರು. ಉಳಿದವರಿಗೆ ಗೊತ್ತಿದ್ದುದು ಪತ್ರಿಕೆಯಲ್ಲಿ ಮಂತ್ರಿಗಳು ಕೊಡುವ ರಾಜೀನಾಮೆ ಮಾತ್ರ.

ವೃದ್ಧರು ಪೂರ್ಣ ತರ್ಜುಮೆ ಬೇಡವೆಂದರು. ಕಾಗದದ ಬೆನ್ನ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಬದುವಿನ ರಾಜಿ ಪತ್ರ’ ಎಂದಷ್ಟೇ ನನ್ನಿಂದ ಬರೆಯಿಸಿಕೊಂಡು, ನಾಲ್ಕಾಗಿ ಮಡಿಸಿ, ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋದರು.