ಅಳಿವೆಗಳ ಇಂಗಾಲ ಚಕ್ರ: ಜೀವಿಗಳ ಪಾತ್ರ ತಿಳಿದುಬಂದ ಚರಿತ್ರೆ

ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಜಾಗ ಅಳಿವೆ. ಹೊಳೆ ಹೊತ್ತು ತರುವ ತರಗೆಲೆ, ಮೆಕ್ಕಲು, ಊರ ಕೊಳಚೆಗಳಲ್ಲಿರುವ ಇಂಗಾಲ ಇಲ್ಲಿ ಕೆಸರಿನಲ್ಲಿ ಹೂತು ಉಳಿಯುತ್ತದೆಯೋ, ಅನಿಲವಾಗಿ ಗಾಳಿಗೆ ಸೇರುತ್ತದೆಯೋ, ಕಡಲಿಗೆ ಸಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಬ್ಯಾಕ್ಟೀರಿಯಾ, ಏಡಿ, ಚಿಪ್ಪುಜೀವಿ ಮತ್ತು ಕಾಂಡ್ಲಾ ಗಿಡಗಳನ್ನು ಅವಲಂಬಿಸಿದೆ.

ಈ ಲೆಕ್ಕಾಚಾರ ಆರಂಭವಾದದ್ದು ಹವಾಮಾನದ ಚಿಂತೆಯಿಂದಲ್ಲ, ಯಾರು ಯಾರನ್ನು ತಿನ್ನುತ್ತಾರೆ ಎಂಬ ಕುತೂಹಲದಿಂದ. ಅಮೆರಿಕದ ಜಾರ್ಜಿಯಾದ ಸಪೆಲೊ ದ್ವೀಪದ ಉಪ್ಪುಜವುಗಿನಲ್ಲಿ ದುಡಿದ ಜಾನ್ ಟೀಲ್, ಅಲ್ಲಿ ಬೆಳೆದದ್ದರ ಶೇ. 45ರಷ್ಟನ್ನು ಜವುಗಿನ ಜೀವಿಗಳು ಮುಟ್ಟುವ ಮೊದಲೇ ಉಬ್ಬರವಿಳಿತ ಹೊತ್ತೊಯ್ಯುತ್ತದೆ ಎಂದು 1962ರಲ್ಲಿ ಅಂದಾಜಿಸಿದರು. ಅಳಿವೆಯ ಮೀನು, ಸಿಗಡಿಗಳ ಸಮೃದ್ಧಿಗೆ ಇದೇ ಕಾರಣವೆಂದು ಅವರು ಕಂಡರು. ಅನಿಲದ ಮಾತು ಆಗಿನ್ನೂ ಬಂದಿರಲಿಲ್ಲ.

ಅದು ಬಂದದ್ದು ಕೆಸರಿನ ಆಳದಿಂದ. ಲಾಂಗ್ ಐಲೆಂಡ್ ಸೌಂಡ್‌ನ ಕೆಸರನ್ನು ಪರೀಕ್ಷಿಸಿದ ಕ್ರಿಸ್ಟೋಫರ್ ಮಾರ್ಟೆನ್ಸ್ ಮತ್ತು ರಾಬರ್ಟ್ ಬರ್ನರ್, ಕಡಲನೀರಿನ ಸಲ್ಫೇಟ್‌ನಲ್ಲಿ ಸುಮಾರು ಶೇ. 90 ಖರ್ಚಾಗುವವರೆಗೆ ಮೀಥೇನ್ ಹೇಳಿಕೊಳ್ಳುವಷ್ಟು ಶೇಖರವಾಗುವುದಿಲ್ಲ ಎಂದು 1974ರಲ್ಲಿ ತೋರಿಸಿದರು. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳಿಗೆ ಆಹಾರ ಮೊದಲು ದಕ್ಕುತ್ತದೆ. ಮೀಥೇನ್ ಉಂಟುಮಾಡುವ ಸೂಕ್ಷ್ಮಜೀವಿಗಳು ಸರದಿ ಕಾಯಬೇಕು. ಒಂದೇ ಹೊಳೆಯಲ್ಲಿ ಮೇಲಿನ ಸಿಹಿನೀರಿನ ಕೆಸರು ಹೆಚ್ಚು ಮೀಥೇನ್ ಬಿಡುವುದು, ಉಪ್ಪುನೀರಿನದು ಸಲ್ಫೇಟ್‌ನಿಂದ ಹುಟ್ಟುವ ಗಂಧಕದ ಅನಿಲದಿಂದ ಕೊಳೆತ ಮೊಟ್ಟೆಯಂತೆ ನಾರುವುದು ಇದರಿಂದಲೇ.

ಏಡಿಗಳದು ಇನ್ನೂ ತೊಡಕಿನ ಕಥೆ. ಇಳಿತದ ಹೊತ್ತಿನಲ್ಲಿ ಏಡಿಯ ಬಿಲವನ್ನು ಸೀಳಿ ನೋಡಿದರೆ, ಸುತ್ತಲಿನ ಕೆಸರು ಕಪ್ಪಾಗಿದ್ದರೂ ಬಿಲದ ಗೋಡೆ ಮಾತ್ರ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ಅಲ್ಲಿಯವರೆಗೆ ಇಳಿದಿರುವ ಗುರುತು ಅದು. ಆಮ್ಲಜನಕ ಸಿಕ್ಕಿದಲ್ಲಿ ಮೀಥೇನ್ ಹುಟ್ಟುವುದು ಕಡಿಮೆ, ಆದರೆ ಹೂತ ಇಂಗಾಲ ಬೇಗ ಕರಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಳದ ಅನಿಲ ಹೊರಬರಲು ಅದೇ ಬಿಲ ಕೊಳವೆಯೂ ಆಗುತ್ತದೆ. ಏಡಿಯನ್ನು ಹವೆಯ ಮಿತ್ರ ಅಥವಾ ಶತ್ರು ಎಂದು ಒಂದೇ ಮಾತಿನಲ್ಲಿ ಕರೆಯುವಂತಿಲ್ಲ.

ಅಳಿವೆಗಳು ಒಟ್ಟಾರೆ ಎಷ್ಟು ಉಗುಳುತ್ತವೆ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 1998ರಲ್ಲಿ. ಮಿಷೆಲ್ ಫ್ರಾಂಕಿನ್ಯೂಲ್ ತಂಡದ ಲೆಕ್ಕದಂತೆ ಯುರೋಪಿನ ಅಳಿವೆಗಳಿಂದ ವರ್ಷಕ್ಕೆ 3ರಿಂದ 6 ಕೋಟಿ ಟನ್ ಇಂಗಾಲ ಗಾಳಿಗೆ ಹೋಗುತ್ತಿತ್ತು. ಇದು ಆಗ ಪಶ್ಚಿಮ ಯುರೋಪಿನಲ್ಲಿ ಮನುಷ್ಯರಿಂದಾಗುತ್ತಿದ್ದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯ ಶೇ. 5ರಿಂದ 10ಕ್ಕೆ ಸಮವಾಗಿತ್ತು. ಹೊಳೆಯ ಸಾವಯವ ಕೊಳೆಯನ್ನು ಬ್ಯಾಕ್ಟೀರಿಯಾ ಅರಗಿಸಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಗೊಬ್ಬರ, ಕೊಳಚೆಗಳ ಸಾರಜನಕ ಸೇರಿದಲ್ಲಿ ನೈಟ್ರಸ್ ಆಕ್ಸೈಡ್ ಕೂಡ ಹೊರಡುತ್ತದೆ.

ಕಾಂಡ್ಲಾ, ಉಪ್ಪುಜವುಗು, ಕಡಲಹುಲ್ಲುಗಳು ಹೂಳಿಡುವ ಇಂಗಾಲಕ್ಕೆ ‘ನೀಲಿ ಇಂಗಾಲ’ ಎಂಬ ಹೆಸರು 2009ರ ವಿಶ್ವಸಂಸ್ಥೆಯ ವರದಿಯಿಂದ ಬಳಕೆಗೆ ಬಂತು. ಹೂತದ್ದನ್ನಷ್ಟೇ ಕೂಡಿಸಿ, ಅದೇ ಕೆಸರಿನ ಮೀಥೇನನ್ನು ಕಳೆಯದ ಲೆಕ್ಕ ಅರೆಲೆಕ್ಕ.

ಚಿಪ್ಪುಜೀವಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಚಿಪ್ಪಿನಲ್ಲಿ ಇಂಗಾಲ ಕೂಡುವುದು ನಿಜ, ಆದರೆ ಚಿಪ್ಪು ಕಟ್ಟುವ ಕ್ರಿಯೆಯಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. 2024ರಲ್ಲಿ ಮಹತ್ವದ ಜವುಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಬಳಚು ಎಂಬ ಚಿಪ್ಪುಜೀವಿಗೆ ಹೆಸರಾದದ್ದು. ಅಲ್ಲಿ ಸತ್ತ ಚಿಪ್ಪುಗಳನ್ನು ಬಾಚಿ ತೆಗೆಯುವ ದಂಧೆಯೂ ನಡೆದಿದೆ. ಅಂಥ ಚಿಪ್ಪು ಸುಣ್ಣದ ಗೂಡು ಸೇರಿದರೆ ಅದರಲ್ಲಿ ಉಳಿದಿದ್ದ ಇಂಗಾಲವೂ ಗಾಳಿಗೆ ಹೋಗುತ್ತದೆ.