ಕಾಡು ತಿಂದ ಒಲೆ ಯಾವುದು? ಕರ್ನಾಟಕದ ಸೌದೆ ಮತ್ತು ಅರಣ್ಯ ನೀತಿಯ ಚರಿತ್ರೆ

ರಾಷ್ಟ್ರೀಯ ಕೃಷಿ ಆಯೋಗ 1976ರ ತನ್ನ ವರದಿಯಲ್ಲಿ ಅರಣ್ಯದ ಬಗ್ಗೆ ಬರೆಯುತ್ತ ಒಂದು ತೀರ್ಪನ್ನೇ ಕೊಟ್ಟುಬಿಟ್ಟಿತು. ಹಳ್ಳಿಯವರು ಪುಕ್ಕಟೆಯಾಗಿ ಸೌದೆ, ಸೊಪ್ಪು ಒಯ್ಯುವುದರಿಂದಲೂ ಅವರಿಗಿರುವ ಹಕ್ಕು, ರಿಯಾಯಿತಿಗಳಿಂದಲೂ ಕಾಡು ಹಾಳಾಗಿದೆ ಎಂಬುದು ಅದರ ಸಾರ. ಅದಕ್ಕೆ ಒಂದು ವರ್ಷ ಮೊದಲು, ತೈಲ ಬೆಲೆಯ ಗದ್ದಲ ಇನ್ನೂ ತಣ್ಣಗಾಗಿರದ ಹೊತ್ತಿನಲ್ಲಿ, ಅಮೆರಿಕದ ಎರಿಕ್ ಎಕ್‌ಹೋಮ್ ಬಡ ದೇಶಗಳ ಸೌದೆ ಅಭಾವವನ್ನು ‘ಇನ್ನೊಂದು ಇಂಧನ ಬಿಕ್ಕಟ್ಟು’ ಎಂದು ಕರೆದಿದ್ದ. ಈ ಎರಡೂ ಮಾತು ಸೇರಿ ಹಳ್ಳಿಯ ಅಡುಗೆಮನೆಯನ್ನು ಕಟಕಟೆಯಲ್ಲಿ ನಿಲ್ಲಿಸಿದವು. ಸಾಮಾಜಿಕ ಅರಣ್ಯ, ಸುಧಾರಿತ ಒಲೆ, ಗೊಬ್ಬರ ಅನಿಲದಂಥ ಯೋಜನೆಗಳೆಲ್ಲ ಆ ಆರೋಪವನ್ನು ಹೆಚ್ಚುಕಡಿಮೆ ಒಪ್ಪಿಕೊಂಡೇ ಮುಂದುವರಿದವು. ಕರ್ನಾಟಕದ ಮಟ್ಟಿಗೆ ಆ ಆರೋಪಕ್ಕೆ ಚರಿತ್ರೆಯ ಆಧಾರ ಎಷ್ಟಿದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಆಧಾರ ತೀರ ಕಡಿಮೆ ಎಂಬುದು ನನ್ನ ವಾದ.

ಹತ್ತೊಂಬತ್ತನೆಯ ಶತಮಾನದ ಅರಣ್ಯಾಧಿಕಾರಿಗಳಿಗೆ ಸೌದೆಯ ಚಿಂತೆ ಮೊದಲು ಹತ್ತಿಸಿದ್ದು ರೈಲು. ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಮುಂದೆ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಗಳ ಮುಖ್ಯಸ್ಥನಾದ ಹ್ಯೂ ಕ್ಲೆಗ್‌ಹಾರ್ನ್‌ಗೆ ಹಳಿಯಡಿಯ ಸ್ಲೀಪರು ಮತ್ತು ಎಂಜಿನ್ನಿನ ಉರುವಲು ಎರಡೂ ತಲೆನೋವಾಗಿದ್ದವು. ದಕ್ಷಿಣಕ್ಕೆ ಕಲ್ಲಿದ್ದಲು ದೂರದಿಂದ ಬರಬೇಕಿತ್ತು, ಸೌದೆ ಹತ್ತಿರವಿತ್ತು. 1864ರಲ್ಲಿ ಮದ್ರಾಸಿನ ರೈಲು ಬೆಂಗಳೂರು ಮುಟ್ಟಿತು. ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ ವರ್ಷ. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳು ಚುರುಕಾದಾಗ ಅಲ್ಲಿನ ಉಗಿಯಂತ್ರಗಳೂ ಸೌದೆ ಬೇಡತೊಡಗಿದವು. ಮಳೆ ಕಡಿಮೆಯ ಕೋಲಾರದ ಕುರುಚಲು ಕಾಡಿಗೆ ಆ ಹಸಿವನ್ನು ತಾಳುವ ಶಕ್ತಿ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಹಾದು ಹೋಗಿ ಸೇರಿದ್ದು ಇದೇ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ತಂತಿ ಯಾವ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತೋ ಅಲ್ಲಿನವರಿಗೆ ಅದು ಬಹುಕಾಲ ನೋಡುವ ವಸ್ತುವಷ್ಟೇ ಆಗಿತ್ತು.

ಸೌದೆಯ ಲೆಕ್ಕದಲ್ಲಿ ಭದ್ರಾವತಿಗೆ ಸಮನಾದ ಇನ್ನೊಂದು ಉದಾಹರಣೆ ನನಗೆ ಕಾಣದು. 1923ರ ಆರಂಭದಲ್ಲಿ ಉತ್ಪಾದನೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲನ್ನೇ ನೆಚ್ಚಿತ್ತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದರೆ ಮರ ಸುತ್ತಲಿನ ಮಲೆನಾಡಿನ ಕಾಡಿನಿಂದ ಬರುತ್ತಿತ್ತು. ಅದನ್ನು ಸಾಗಿಸಲು ಕಾಡಿನೊಳಕ್ಕೆ ಟ್ರಾಮ್ ಹಳಿ ಹಾಕಲಾಗಿತ್ತು. ಮರ ಸುಟ್ಟು ಇದ್ದಿಲು ಮಾಡುವಾಗ ಹೊರಬರುವ ಆವಿಯಿಂದ ಮರದ ಮದ್ಯಸಾರ, ಅಸಿಟೇಟು ತೆಗೆಯುವ ಘಟಕವೂ ಇತ್ತು. ಆ ಕಾಲಕ್ಕೆ ಅದು ಬಹು ಜಾಣತನದ ಯೋಜನೆಯೇ. ನಷ್ಟದಲ್ಲಿ ನಡೆಯುತ್ತಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ ವಿಶ್ವೇಶ್ವರಯ್ಯನವರ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮರದ ಲೆಕ್ಕ ಹಾಕಿ ನೋಡಿ. ಒಂದು ಟನ್ ಬೀಡು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಕಡಿಮೆಯೆಂದರೂ ನಾಲ್ಕು ಟನ್ ಮರ. ಮೊದಲ ಊದುಕುಲುಮೆಯ ಸಾಮರ್ಥ್ಯ ದಿನಕ್ಕೆ ಸುಮಾರು 60 ಟನ್. ಪೂರ್ಣ ಬಲದಲ್ಲಿ ನಡೆದ ದಿನ ಅದು ನುಂಗುತ್ತಿದ್ದದ್ದು 240 ಟನ್ನಿನಷ್ಟು ಮರ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಗಿ, 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದ ಮೇಲೆಯೇ ಇದ್ದಿಲಿನ ಅವಲಂಬನೆ ಇಳಿಯತೊಡಗಿದ್ದು.

ಇದೇ ಅವಧಿಯಲ್ಲಿ ಜನ ಕಾಡನ್ನು ಬಳಸುವ ರೀತಿಗೆ ಸರ್ಕಾರ ಬೇಲಿ ಹಾಕುತ್ತ ಬಂದಿತ್ತು. 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡದಲ್ಲಿ, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತಿತು. ಅಡಿಕೆ ತೋಟದವರಿಗೆ ಮಾತ್ರ ಸೊಪ್ಪಿನ ಬೆಟ್ಟದ ಸೌಲಭ್ಯ ಉಳಿಯಿತು: ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ, ಘಟ್ಟದ ಕೆಳಗೆ ನಾಲ್ಕು ಎಕರೆವರೆಗೆ. ಸೊಪ್ಪು, ದರಕು, ಒಣ ಕಟ್ಟಿಗೆ ಮೂರೂ ಅಲ್ಲಿಂದಲೇ. ತೋಟವಿಲ್ಲದ ಕೂಲಿಯವರಿಗೂ ಹಾಲಕ್ಕಿ ಸಮುದಾಯದವರಿಗೂ ಈ ಏರ್ಪಾಟಿನಲ್ಲಿ ಪಾಲಿರಲಿಲ್ಲ. ಹಾಗಾಗಿ ಬೆಟ್ಟದ ಪದ್ಧತಿಯನ್ನು ಸಮುದಾಯ ಅರಣ್ಯದ ಮಾದರಿಯೆಂದು ಹೊಗಳುವವರ ಉತ್ಸಾಹ ನನಗೆ ಸ್ವಲ್ಪ ಅತಿ ಅನಿಸುತ್ತದೆ. ಆದರೂ ಒಂದು ಮಾತು ನಿಜ: ತನ್ನದೆಂಬ ಭರವಸೆ ಇದ್ದ ಕಡೆ ಮರ ಸವರಿ ಬಳಸಿದರೇ ಹೊರತು ಬುಡಕ್ಕೆ ಕೊಡಲಿ ಹಾಕಿದವರು ವಿರಳ.

ಅಡುಗೆ ಒಲೆಯನ್ನು ಯಾರಾದರೂ ನಿಜಕ್ಕೂ ಅಳೆದದ್ದು 1970ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಮನೆಮನೆಯ ಇಂಧನ ತೂಗಿದರು. 56 ಮನೆ, 357 ಜನ. ಊರಿಗೆ ಬರುವ ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸೌದೆಯದು. ವಿದ್ಯುತ್ತಿನ ಪಾಲು ನೂರಕ್ಕೆ ಒಂದೂ ಇಲ್ಲ. ಸೌದೆಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ಅತ್ಯಲ್ಪ. ಉಳಿದದ್ದು ಬೇಲಿ, ಬದು, ಕೆರೆ ಏರಿಗಳಿಂದ ಹೆಂಗಸರೂ ಮಕ್ಕಳೂ ಆಯ್ದು ತಂದ ಪುರಳೆ, ಒಣರೆಂಬೆ. ಇಡೀ ಊರು ವರ್ಷಕ್ಕೆ ಉರಿಸಿದ ಸೌದೆ ಸುಮಾರು 217 ಟನ್.

ಭದ್ರಾವತಿಯ ಕುಲುಮೆ ಒಂದು ಹಗಲು ಒಂದು ರಾತ್ರಿಯಲ್ಲಿ ಸುಡಬಲ್ಲಷ್ಟನ್ನೂ ಈ ಊರು ವರ್ಷಪೂರ್ತಿ ಸುಡಲಿಲ್ಲ. ಹಸಿಮರ, ಒಣಮರದ ವ್ಯತ್ಯಾಸ ಕಳೆದು, ಕುಲುಮೆ ಅರ್ಧ ಬಲದಲ್ಲಿ ನಡೆಯಿತೆಂದೇ ಹಿಡಿದರೂ ಎರಡು ದಿನವಾದೀತು, ಅಷ್ಟೇ. ಸಾವಿರಾರು ಹಳ್ಳಿಗಳನ್ನು ಕೂಡಿಸಿದರೆ ಅಡುಗೆಯ ಸೌದೆಯೂ ದೊಡ್ಡ ಮೊತ್ತವೇ ಎಂಬ ಆಕ್ಷೇಪ ಸರಿ. ಆದರೆ ಮೊತ್ತಕ್ಕಿಂತ ಮುಖ್ಯವಾದದ್ದು ಅದು ಬಂದ ಜಾಗ. ಪುರದ ಒಲೆಗೆ ಬಿದ್ದದ್ದು ಮತ್ತೆ ಚಿಗುರುವ ರೆಂಬೆ; ಕುಲುಮೆಗೆ ಬಿದ್ದದ್ದು ದಿಮ್ಮಿ.

ಪುರದಲ್ಲಿ ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಊರ ಸಗಣಿಯಿಂದ ಅನಿಲ ಮಾಡಿ ಅಡುಗೆಗೆ ಕೊಡಬೇಕೆಂದು 1980ರ ದಶಕದ ಆರಂಭದಲ್ಲಿ ಸಮುದಾಯ ಸ್ಥಾವರ ಕಟ್ಟಿದರು. ಎಲ್ಲ ಮನೆಯ ಎರಡು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ, ಜನ ಕೈಬಿಟ್ಟರು. ಆಮೇಲೆ ವಿಜ್ಞಾನಿಗಳು ಊರವರನ್ನೇ ಕೇಳಿದರು. ಊರವರಿಗೆ ಬೇಕಿದ್ದದ್ದು ಕುಡಿಯುವ ನೀರು ಮತ್ತು ರಾತ್ರಿ ಬೆಳಕು. 1987ರಿಂದ ಅದೇ ಅನಿಲ 5 ಕಿಲೋವಾಟ್‌ನ ಎಂಜಿನ್ ತಿರುಗಿಸಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗೆ ದೀಪ ಬಂತು. ಸಗಣಿ ತಂದು ಸುರಿದವರಿಗೆ ತೂಕದ ಮೇಲೆ ಹೊರುವ ಕೂಲಿ ಸಿಗುತ್ತಿತ್ತು, ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಸುಮಾರು ಹತ್ತು ವರ್ಷ ಅದು ನಡೆಯಿತು. ಆ ಹತ್ತು ವರ್ಷವೂ ಪುರದ ಅಡುಗೆ ಬೆಂದದ್ದು ಸೌದೆಯಲ್ಲೇ. ಅರಣ್ಯ ಉಳಿಸುವ ಲೆಕ್ಕದಲ್ಲಿ ಇದನ್ನು ಸೋಲು ಎನ್ನಬಹುದು. ಬಾವಿಯಿಂದ ಕೊಡ ಹೊರುತ್ತಿದ್ದ ಹೆಂಗಸರನ್ನು ಕೇಳಿದ್ದರೆ ಯಾರೂ ಹಾಗೆನ್ನುತ್ತಿರಲಿಲ್ಲ. 1988ರಲ್ಲಿ ಅದೇ ತಾಲ್ಲೂಕಿನ, ವಿದ್ಯುತ್ತೇ ಇರದ ಹೊಸಹಳ್ಳಿಯಲ್ಲಿ ಸೌದೆಯನ್ನೇ ಅನಿಲವಾಗಿಸಿ ದೀಪ ಹತ್ತಿಸಿದಾಗ, ಅದಕ್ಕೆಂದೇ ಊರ ಜಾಗದಲ್ಲಿ ಚಿಕ್ಕ ನೆಡುತೋಪು ಬೆಳೆಸಲಾಯಿತು.

ಸರ್ಕಾರದ ದಾರಿ ಬೇರೆಯಿತ್ತು. ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ 1983ರ ಸುಮಾರಿಗೆ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಗೆ ಸೌದೆ, ಮೇವು ಒದಗಿಸುವುದು ಅದರ ಹೆಸರಿನಲ್ಲಿದ್ದ ಗುರಿ. ನೆಲದಲ್ಲಿ ಎದ್ದದ್ದು ನೀಲಗಿರಿ. ಕೋಲಾರದಲ್ಲಿ ಇದು ಮೊದಲೇ ಶುರುವಾಗಿತ್ತು: ಕೂಲಿ ಸಿಗದ, ಮಳೆ ನಂಬಲಾಗದ ರಾಗಿ ಹೊಲಕ್ಕೆ ನೀಲಗಿರಿ ಹಾಕಿ ರೈತರು ಹರಿಹರದ ರೇಯಾನ್ ಕಾರ್ಖಾನೆಗೆ ಮಾರುತ್ತಿದ್ದರು. 1981ರಲ್ಲಿ ವಂದನಾ ಶಿವ ಮತ್ತು ಸಂಗಡಿಗರ ಅಧ್ಯಯನ ಇದನ್ನು ಬಯಲಿಗೆಳೆದಾಗ ಅರಣ್ಯ ಇಲಾಖೆ ತೀವ್ರವಾಗಿ ವಾದಿಸಿತು. ನೀಲಗಿರಿ ನೀರು ಕುಡಿಯುತ್ತದೋ ಇಲ್ಲವೋ ಎಂಬ ಜಗಳದಲ್ಲಿ ಸೌದೆಯ ಪ್ರಶ್ನೆ ಮೂಲೆ ಸೇರಿತು. ದನ ಮೇಯದ, ಸಂಜೆ ಒಲೆಗೆ ಪುರಳೆ ಉದುರಿಸದ, ಲಾರಿ ಹತ್ತಲೆಂದೇ ಬೆಳೆದ ಮರ ಬಡವರಿಗೆ ಯಾವ ಇಂಧನ? 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿ ಕಿತ್ತೆಸೆದಿದ್ದರು.

ಮರುವರ್ಷ ಸರ್ಕಾರಿ ನಿಗಮವೂ ಹರಿಹರದ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಕಟ್ಟಿ, ಸುಮಾರು 30,000 ಹೆಕ್ಟೇರ್ ಗೋಮಾಳ ಮತ್ತು ಕುರುಚಲು ಜಮೀನನ್ನು ಅದಕ್ಕೆ ಗೊತ್ತುಮಾಡಿದವು. ದನ ಬಿಡುವ, ಕಟ್ಟಿಗೆ ಆಯುವ ಜಾಗವೇ ಹೋಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರು ತಿರುಗಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. 1991ರಲ್ಲಿ ಆ ಕಂಪನಿ ಮುಚ್ಚಿತು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು ಬಹಳ ತಡವಾಗಿ, 2017ರಲ್ಲಿ.

ಅಸ್ತ್ರ ಕೇಂದ್ರದವರು ರೂಪಿಸಿದ ಮೂರು ಪಾತ್ರೆಯ ಸುಧಾರಿತ ಒಲೆ, ಅಸ್ತ್ರ ಒಲೆ, ಈ ಗದ್ದಲದಿಂದ ದೂರವಿದ್ದು ತನ್ನ ಕೆಲಸ ಮಾಡಿತು. ಶಿರಸಿ ಸೀಮೆಯಲ್ಲಿ 1983ರಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿಯವರು ಉಳಿಸು, ಬೆಳೆಸು ಎಂಬುದರ ಜೊತೆ ಬಳಸು ಎಂಬುದನ್ನೂ ಸೇರಿಸಿ ಸೌದೆ ಉಳಿಸುವ ಒಲೆಗಳನ್ನು ಹಾಕಿಸಿದರು. ಪ್ರಯೋಗಾಲಯದಲ್ಲಿ ಅಸ್ತ್ರ ಒಲೆಯ ದಕ್ಷತೆ ಹಳೆಯ ಒಲೆಯ ಮೂರು ನಾಲ್ಕು ಪಟ್ಟು. ಮಸಿ ತೆಗೆಯದೆ ಚಿಮಣಿ ಕಟ್ಟಿಕೊಂಡ ಮನೆಯಲ್ಲಿ ಅಷ್ಟಿರುವುದಿಲ್ಲ. ಗುರಿ ಮುಟ್ಟಿಸುವ ಅವಸರದಲ್ಲಿ ಒಲೆ ಹಾಕಿ ಹೋದ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ 2002ಕ್ಕೆ ನಿಂತಿತು. ಆದರೂ ಅಡುಗೆಯವಳ ಕಣ್ಣುರಿ ಕಡಿಮೆ ಮಾಡಿದ್ದೇ ಆ ಒಲೆಯ ದೊಡ್ಡ ಸಾಧನೆ. ಸೌದೆ ಒಲೆಯ ವಿರುದ್ಧ ಗಟ್ಟಿಯಾಗಿ ಹೇಳಬೇಕಾದದ್ದು ಹೊಗೆಯ ಮಾತು. ಕಾಡಿನ ನೆಪ ಅದಕ್ಕೆ ಬೇಕಿರಲಿಲ್ಲ.

2016ರ ಉಜ್ವಲ ಯೋಜನೆಯ ಹಿಂದಿನ ಮತ್ತು ನಂತರದ ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು ಹೋಲಿಸಿದರೆ, ಕರ್ನಾಟಕದಲ್ಲಿ ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ನೂರಕ್ಕೆ ಸುಮಾರು 55ರಿಂದ ಸುಮಾರು 80ಕ್ಕೆ ಏರಿವೆ. ಬಚ್ಚಲ ಹಂಡೆಯ ಕೆಳಗೆ ಮಾತ್ರ ಇಂದಿಗೂ ತೆಂಗಿನ ಮಟ್ಟೆ, ಅಡಿಕೆ ಹಾಳೆ, ಕರಟ ಉರಿಯುತ್ತವೆ; ಅದರಿಂದ ಕಾಡಿಗೇನೂ ನಷ್ಟವಿಲ್ಲ. ದೊಡ್ಡ ಬೆಂಕಿ ಇರುವುದು ಇಟ್ಟಿಗೆ ಗೂಡಿನಲ್ಲಿ, ಆಲೆಮನೆಯಲ್ಲಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಲ್ಲಿ. ಒಂದು ಕಿಲೋ ಹೊಗೆಸೊಪ್ಪು ಹದಕ್ಕೆ ಬರಲು ನಾಲ್ಕೈದು ಕಿಲೋ ಸೌದೆ ಬೇಕು. ಬೆಳೆಗಾರರ, ಬ್ಯಾರನ್‌ಗಳ ನೋಂದಣಿ ತಂಬಾಕು ಮಂಡಳಿಯ ಕೈಯಲ್ಲಿದೆ; ಮಾರಾಟವೂ ಅದರ ಹರಾಜು ಕಟ್ಟೆಯಲ್ಲೇ ಆಗುತ್ತದೆ. ಪುರದಲ್ಲಿ ಮನೆಮನೆಗೆ ಹೋಗಿ ಸೌದೆ ತೂಗಿದಷ್ಟು ಕಷ್ಟವೂ ಇಲ್ಲದೆ ಈ ಬೆಂಕಿಯ ಲೆಕ್ಕ ತೆಗೆಯಬಹುದು.