ತಾರಸಿಯ ಮೇಲಿನ ಗಾಜಿನ ಕುಪ್ಪಿಗಳು

ಇಟಲಿಯ ಬೊಲೋನ್ಯ ನಗರದ ಹಳೆಯ ಛಾಯಾಚಿತ್ರವೊಂದು ನನ್ನ ಮನಸ್ಸಿನಿಂದ ಮಾಸಿಲ್ಲ. ಪ್ರಯೋಗಶಾಲೆಯ ತಾರಸಿಯ ಮೇಲೆ ಸಾಲು ಸಾಲು ಗಾಜಿನ ಕುಪ್ಪಿಗಳು. ಅವುಗಳ ನಡುವೆ ಪ್ರಾಧ್ಯಾಪಕ ಜಾಕೊಮೊ ಚಮಿಚಾನ್. ನಾವು ಹಪ್ಪಳ ಸಂಡಿಗೆಗಳನ್ನು ಬಿಸಿಲಿಗೊಡ್ಡಿ ಕಾಯುವಂತೆ, ಆತ ರಾಸಾಯನಿಕಗಳನ್ನು ಬಿಸಿಲಿಗಿಟ್ಟು ಕಾಯುತ್ತಿದ್ದರು.

1912ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಒಂದು ಉಪನ್ಯಾಸವಿತ್ತರು. ಕಲ್ಲಿದ್ದಲೆಂದರೆ ಯುಗಾಂತರಗಳ ಹಿಂದೆ ಬಿದ್ದ ಬಿಸಿಲಿನ ಗಂಟು. ಆ ಗಂಟನ್ನೇ ಕರಗಿಸುತ್ತ ಕೂರುವುದೇಕೆ, ಇಂದಿನ ಬಿಸಿಲನ್ನೇ ಬಳಸಬಾರದೇಕೆ ಎಂಬುದು ಅವರ ಪ್ರಶ್ನೆ. ಮರುಭೂಮಿಗಳಲ್ಲಿ ಹೊಗೆಯಿಲ್ಲದ ಕಾರ್ಖಾನೆಗಳು ಏಳುವ ಕನಸನ್ನು ಅವರು ಅಂದೇ ಕಂಡರು. 1922ರಲ್ಲಿ ತೀರಿಕೊಂಡರು.

ಉತ್ತರದ ಮೊದಲ ಸುಳಿವು ಜಪಾನಿನಿಂದ ಬಂತು. ಬಿಳಿಯ ಬಣ್ಣಗಳಲ್ಲಿ ಬೆರೆಸುವ ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದಾಗ ನೀರು ಒಡೆಯುವುದೆಂದು ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. 1979ರಲ್ಲಿ ಇನೌಯೆ ಮೊದಲಾದವರು ಅವರೊಡನೆ ಸೇರಿ, ಅಂಥ ಅರೆವಾಹಕ ಪುಡಿಗಳನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡನ್ನು ಹಾಯಿಸಿ ಬೆಳಕು ಬೀರಿದರು. ಫಾರ್ಮಿಕ್ ಆಮ್ಲ, ಫಾರ್ಮಾಲ್ಡಿಹೈಡ್, ಮೆಥನಾಲ್‌ಗಳು ದೊರೆತವು. ಒಲೆಯಿಂದ ಹೊರಬಿದ್ದ ಅನಿಲ ಮತ್ತೆ ಉರುವಲಾಗುವ ದಾರಿ ತೆರೆಯಿತು.

ಆದರೆ ದೊರೆತದ್ದು ತೀರ ಅಲ್ಪ. ಕಾರಣ ಎರಡು. ಟೈಟೇನಿಯಂ ಡೈಆಕ್ಸೈಡಿಗೆ ಒಗ್ಗುವುದು ಅತಿನೇರಳೆ ಕಿರಣ ಮಾತ್ರ. ನಮಗೆ ತಲುಪುವ ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಐದರಷ್ಟು. ಎರಡನೆಯದಾಗಿ, ಬೆಳಕು ತಾಗಿ ಮೇಲೆದ್ದ ಎಲೆಕ್ಟ್ರಾನು ಕೆಲಸ ಮುಗಿಸುವ ಮೊದಲೇ, ಸಂಜೆಯ ದನ ಹಟ್ಟಿಗೆ ಮರಳುವಂತೆ, ತಾನು ಬಿಟ್ಟ ನೆಲೆಗೆ ಮರಳಿಬಿಡುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೇ ಸಂಯುಕ್ತ ವೇಗವರ್ಧಕ. ಗುಣ ಬೇರೆಯಾದ ಎರಡು ಅರೆವಾಹಕಗಳನ್ನು ಒಂದಕ್ಕೊಂದು ಬೆಸೆದರೆ ಎಲೆಕ್ಟ್ರಾನು ಒಂದರಲ್ಲಿ ನಿಲ್ಲುತ್ತದೆ, ಅದು ತೆರವು ಮಾಡಿದ ಸ್ಥಾನ ಇನ್ನೊಂದರಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಒಂದನ್ನು ಆರಿಸಿಕೊಂಡರೆ ಮೊದಲ ಕೊರತೆಯೂ ತಗ್ಗುತ್ತದೆ. ಹಸಿರೆಲೆಯಲ್ಲಿಯೂ ಬೆಳಕು ಹಿಡಿಯುವ ವ್ಯವಸ್ಥೆಗಳು ಎರಡು ಎಂಬುದನ್ನು ನೆನೆದರೆ, ವಿಜ್ಞಾನಿಗಳು ಯಾವ ಗುರುವಿನ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದಾರೆಂಬುದು ತಿಳಿಯುತ್ತದೆ.

ಚಮಿಚಾನರ ಕಾಲದಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 300 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಒಂದು ಮಾತನ್ನು ಮರೆಯಬಾರದು. ಬಿಸಿಲಿನಿಂದ ಹೀಗೆ ಮಾಡಿದ ಇಂಧನವನ್ನು ಸುಟ್ಟರೆ ಅದೇ ಅನಿಲ ಗಾಳಿಗೆ ಮರಳುತ್ತದೆ. ಇದರಿಂದ ಹೊಸ ಸಾಲ ಬೆಳೆಯದೇ ಇರಬಹುದು. ಹಳೆಯ ಸಾಲ ತೀರುವುದಿಲ್ಲ. ಸುಡುವುದನ್ನು ಕಡಿಮೆ ಮಾಡುವ ಹೊಣೆ ನಮ್ಮ ಮೇಲೇ ಉಳಿಯುತ್ತದೆ. ಅದನ್ನು ಯಾವ ಕುಪ್ಪಿಯೂ ಹೊರಲಾರದು.